ತೋತಾಪುರಿ ಮೂಟೆ, ಒಡೆದ ಸೀಕರಣೆ, ಕಹಿಯಾದ ಪಾಯಸ: ಹಣ್ಣಿನ ಅಡುಗೆ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಮಾವಿನ ಮೇಲೆಯೇ. ಜೂನ್ ತಿಂಗಳಲ್ಲಿ ಕೋಲಾರದ ಕಡೆಯಿಂದ ಇನ್ನೇನು ಬರಬೇಕು ಹೇಳಿ! ರಾಮನಗರದ ಮಾವು ಮುಗಿಯುತ್ತಾ ಬಂತು ಅನ್ನುವಾಗ ಶ್ರೀನಿವಾಸಪುರದ ಮಂಡಿ ತುಂಬುತ್ತದೆ. ಜೊತೆಗೆ ತುಮಕೂರಿನಿಂದ ಹಲಸು, ಚಿಕ್ಕಬಳ್ಳಾಪುರದಿಂದ ದ್ರಾಕ್ಷಿ. ಎಲ್ಲ ಪ್ರಶ್ನೆಗಳನ್ನೂ ಓದಿದ ಮೇಲೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮಲ್ಲಿ ಹೆಚ್ಚಿನವರ ಕಷ್ಟ ಸಕ್ಕರೆಯದ್ದಲ್ಲ, ಅಳತೆಯದ್ದೂ ಅಲ್ಲ, ಒಲೆಯದ್ದು. ಯಾವ ಹಣ್ಣಿಗೆ ಎಷ್ಟು ಬೆಂಕಿ ಬೇಕು, ಯಾವುದಕ್ಕೆ ಬೆಂಕಿಯೇ ಬೇಡ ಅನ್ನೋದು ಗೊತ್ತಾದರೆ ಅರ್ಧ ಅಡುಗೆ ಆದ ಹಾಗೆ.

ಪ್ರಶ್ನೆ: ನಮ್ಮ ತೋಟದ ತೋತಾಪುರಿಗೆ ಈ ಸಲ ರೇಟೇ ಇಲ್ಲ. ಎರಡು ಮೂಟೆ ಮನೆಗೇ ಬಂದು ಬಿದ್ದಿದೆ. ಅರ್ಧ ಕಾಯಿ, ಅರ್ಧ ದೋರಗಾಯಿ. ಉಪ್ಪಿನಕಾಯಿ ಬಿಟ್ಟು ಬೇರೆ ಏನಾದರೂ ಹೇಳಿ. – ಓದುಗರು, ಶ್ರೀನಿವಾಸಪುರ ತಾಲ್ಲೂಕು

ರೇಟಿನ ಸಂಕಟ ನಿಮ್ಮ ಕಡೆಯವರಿಗೆ ಹೊಸದಲ್ಲ. 2025ರ ಜೂನ್‌ನಲ್ಲಿ ಹೊರಗಿನ ತೋತಾಪುರಿ ಬೇಡ ಎಂದು ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ ತಡೆದಾಗ ಶ್ರೀನಿವಾಸಪುರದ ರೈತರು ಬೀದಿಗಿಳಿದಿದ್ದು ನೆನಪಿದೆಯಲ್ಲ. ಆಮೇಲೆ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 1,616 ರೂಪಾಯಿ ದರ ಗೊತ್ತು ಮಾಡಿ ನೆರವಿಗೆ ಒಪ್ಪಿತು. ಈ ಹಣ್ಣು ಬಹುಪಾಲು ಪಲ್ಪ್ ಫ್ಯಾಕ್ಟರಿಗೇ ಹೋಗುವುದರಿಂದ ಫ್ಯಾಕ್ಟರಿ ಬಾಗಿಲು ಮುಚ್ಚಿದರೆ ಮೂಟೆ ಮನೆಗೆ ಬರುತ್ತದೆ. ಎರಡು ಮೂಟೆಯನ್ನು ಒಂದು ಮನೆಯವರು ತಿಂದು ಮುಗಿಸೋಕೆ ಆಗಲ್ಲ, ನಿಜ. ಆದರೆ ತೋತಾಪುರಿಯಲ್ಲಿ ಒಂದು ಒಳ್ಳೆಯ ಗುಣ ಇದೆ. ಒಲೆ ಮೇಲೆ ಎಷ್ಟು ಹೊತ್ತಿಟ್ಟರೂ ಅದು ಮುನಿಸಿಕೊಳ್ಳಲ್ಲ. ಬಾದಾಮಿಯನ್ನೋ ರಸಪುರಿಯನ್ನೋ ಕುದಿಸಿದರೆ ಅದರ ಘಮ ಹೋಗಿಬಿಡುತ್ತದೆ. ತೋತಾಪುರಿಗೆ ಹೋಗುವಂಥ ಘಮ ಮೊದಲೇ ಕಮ್ಮಿ, ಹುಳಿ ಮತ್ತು ತಿರುಳು ಜಾಸ್ತಿ.

ಮೊದಲು ಮೂಟೆ ಬಿಚ್ಚಿ ಮೂರು ಪಾಲು ಮಾಡಿ. ಗಟ್ಟಿ ಕಾಯಿ ಒಂದು ಕಡೆ, ದೋರಗಾಯಿ ಒಂದು ಕಡೆ, ಹಣ್ಣಾಗಿ ಮೆತ್ತಗಾಗಿರೋದು ಇನ್ನೊಂದು ಕಡೆ. ಏಟು ಬಿದ್ದಿರೋದನ್ನು ಅವತ್ತೇ ಉಪಯೋಗಿಸಿ. ಒಂದು ಕೊಳೆತರೆ ಪಕ್ಕದವೂ ಹೋಗುತ್ತವೆ.

ಗಟ್ಟಿ ಕಾಯಿ ತೊಕ್ಕಿಗೆ. ಒಂದು ಕೆಜಿ ತುರಿಗೆ ಒಂದು ಲೋಟ ಎಳ್ಳೆಣ್ಣೆ ಅಥವಾ ಕಡಲೆಕಾಯಿ ಎಣ್ಣೆ ಇಟ್ಟು, ಸಾಸಿವೆ ಸಿಡಿಸಿ, ಇಂಗು, ಅರಿಸಿನ ಹಾಕಿ ತುರಿ ಸುರಿಯಿರಿ. ಸಣ್ಣ ಉರಿ. ಮೊದಲು ತುರಿ ನೀರು ಬಿಟ್ಟುಕೊಳ್ಳುತ್ತದೆ, ಆಮೇಲೆ ಆ ನೀರು ಇಂಗುತ್ತದೆ, ಆಮೇಲೆ ತಳ ಹಿಡಿಯೋಕೆ ಶುರುವಾಗುತ್ತದೆ. ಕೈ ಬಿಡದೆ ತಿರುವಬೇಕಾದ್ದು ಈ ಮೂರನೇ ಹಂತದಲ್ಲಿ ಮಾತ್ರ. ಈಗ 80ರಿಂದ 100 ಗ್ರಾಂ ಉಪ್ಪು, ಅಷ್ಟೇ ಬ್ಯಾಡಗಿ ಖಾರದ ಪುಡಿ, ಹುರಿದು ಪುಡಿ ಮಾಡಿದ ಮೆಂತ್ಯ ಎರಡು ಚಮಚ, ನಿಂಬೆ ಗಾತ್ರದ ಬೆಲ್ಲ. ಪಕ್ಕದಲ್ಲಿ ಎಣ್ಣೆ ಕಣ್ಣು ಬಿಟ್ಟರೆ ಇಳಿಸಿ. ಪೂರ್ತಿ ಆರಿದ ಮೇಲೆ ಒಣಗಿದ ಗಾಜಿನ ಬಾಟಲಿಗೆ ತುಂಬಿ. ಒದ್ದೆ ಚಮಚ ಹಾಕುವವರಿಗೆ ಮನೆಯಲ್ಲಿ ಬೇರೆ ಚಿಕ್ಕ ಬಾಟಲಿ ಇಟ್ಟುಬಿಡಿ. ಪ್ರತಿ ಮನೆಯಲ್ಲೂ ಅಂಥವರು ಒಬ್ಬರು ಇದ್ದೇ ಇರುತ್ತಾರೆ.

ದೋರಗಾಯಿಗೆ ಗೊಜ್ಜಿನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಎರಡು ದೋರಗಾಯಿಯನ್ನು ಸಿಪ್ಪೆ ಸಮೇತ ಬೆರಳುದ್ದ ಹೋಳು ಮಾಡಿ. ಒಗ್ಗರಣೆಗೆ ಹಾಕಿ, ಅರ್ಧ ಲೋಟ ನೀರು, ಉಪ್ಪು, ಅರಿಸಿನ ಸೇರಿಸಿ ಬೇಯಿಸಿ. ಹುಣಸೆಹಣ್ಣು ಬೇಡವೇ ಬೇಡ. ಬೆಂದ ಮೇಲೆ ಅರ್ಧ ಲೋಟ ಬೆಲ್ಲ, ಎರಡು ಚಮಚ ಸಾರಿನ ಪುಡಿ. ಕೊನೆಗೆ ಹುರಿದ ಎಳ್ಳು ಒಂದು ಚಮಚ, ಕೊಬ್ಬರಿ ಎರಡು ಚಮಚ ರುಬ್ಬಿ ಸೇರಿಸಿ ಒಂದು ಕುದಿ. ರಾಗಿ ಮುದ್ದೆಗೆ ಇದು ಹೊಂದಲ್ಲ ಅಂತ ಕೆಲವರು ಹೇಳ್ತಾರೆ, ನಾನು ಒಪ್ಪಲ್ಲ. ಬಿಸಿ ಅನ್ನಕ್ಕೆ, ಚಪಾತಿಗೆ, ಮಾರನೇ ದಿನದ ದೋಸೆಗೆ ಎಲ್ಲದಕ್ಕೂ ಆಗುತ್ತದೆ.

ಪೂರ್ತಿ ಹಣ್ಣಾಗಿರೋದನ್ನು ಸ್ಕ್ವಾಷ್ ಮಾಡಿ. ಒಂದು ಕೆಜಿ ತಿರುಳಿಗೆ ಒಂದು ಕೆಜಿ ಸಕ್ಕರೆ, ಒಂದು ಲೀಟರ್ ನೀರು, ಸುಮಾರು 20 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್). ಸಕ್ಕರೆ, ನೀರು, ನಿಂಬೆ ಉಪ್ಪು ಕುದಿಸಿ ಬಟ್ಟೆಯಲ್ಲಿ ಸೋಸಿ ಆರಿಸಿ. ತಿರುಳನ್ನು ರುಬ್ಬಿ ಬೇರೆಯಾಗಿ ಒಮ್ಮೆ ಬಿಸಿ ಮಾಡಿ ಆರಿಸಿ. ಆಮೇಲೆ ಎರಡನ್ನೂ ಬೆರೆಸಿ ಬಾಟಲಿಗೆ ಹಾಕಿ. ಕುಡಿಯುವಾಗ ಒಂದು ಪಾಲಿಗೆ ಮೂರು ಪಾಲು ತಣ್ಣೀರು. ಕೆಡದ ಹಾಗೆ ಏನೂ ಹಾಕದಿದ್ದರೆ ಫ್ರಿಜ್‌ನಲ್ಲೇ ಇಡಿ, ಎರಡು ಮೂರು ವಾರದಲ್ಲಿ ಮುಗಿಸಿ. ಫ್ರೀಜರ್‌ನಲ್ಲಿ ಜಾಗ ಇದ್ದರೆ ಬರೀ ತಿರುಳನ್ನೇ ಚಿಕ್ಕ ಚಿಕ್ಕ ಡಬ್ಬಿಯಲ್ಲಿ ಹಾಕಿಟ್ಟುಬಿಡಿ. ದೊಡ್ಡ ಡಬ್ಬಿ ಬೇಡ. ಒಮ್ಮೆ ಕರಗಿಸಿದ್ದನ್ನು ಮತ್ತೆ ಗಟ್ಟಿ ಮಾಡಿದರೆ ರುಚಿ ಇರಲ್ಲ.

ಮಾಂಬಳ, ಅಂದರೆ ರಸವನ್ನು ಪದರ ಪದರವಾಗಿ ಬಿಸಿಲಲ್ಲಿ ಒಣಗಿಸಿದ್ದು, ಹಾಕಬಹುದಾ ಅಂತಲೂ ಕೇಳಿದ್ದೀರಿ. ಹಾಕಬಹುದು, ಆದರೆ ತೋತಾಪುರಿ ಒಂದನ್ನೇ ಹಾಕಿದರೆ ಸಪ್ಪೆ. ಅರ್ಧಕ್ಕರ್ಧ ರಸಪುರಿ ಬೆರೆಸಿ. ರಸಪುರಿಯ ನಾರನ್ನು ಜರಡಿಯಲ್ಲಿ ತೆಗೆಯಿರಿ, ಇಲ್ಲದಿದ್ದರೆ ತಿನ್ನುವಾಗ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಲೀಟರ್ ರಸಕ್ಕೆ ನೂರು ಗ್ರಾಂ ಸಕ್ಕರೆ, ಚಿಟಿಕೆ ಉಪ್ಪು. ತುಪ್ಪ ಸವರಿದ ಸ್ಟೀಲ್ ತಟ್ಟೆಗೆ ತೆಳ್ಳಗೆ ಹುಯ್ದು, ಮೇಲೆ ತೆಳು ಬಟ್ಟೆ ಕಟ್ಟಿ ಬಿಸಿಲಿಗಿಡಿ. ಬಟ್ಟೆ ರಸಕ್ಕೆ ತಾಗಬಾರದು, ನಾಲ್ಕು ಮೂಲೆಗೆ ಲೋಟ ಇಟ್ಟು ಕಟ್ಟಿ. ಮುಟ್ಟಿದರೆ ಬೆರಳಿಗೆ ಅಂಟಬಾರದು, ಆದರೆ ಒತ್ತಿದರೆ ಗುರುತು ಬೀಳಬೇಕು. ಆ ಹದಕ್ಕೆ ಬಂದ ಮೇಲೆ ಅದರ ಮೇಲೇ ಇನ್ನೊಂದು ಪದರ. ಹೀಗೆ ನಾಲ್ಕೈದು ಪದರ ಆದರೆ ಸಾಕು. ಜೂನ್‌ನಲ್ಲಿ ಮೋಡ ನಂಬೋಕಾಗಲ್ಲ. ಮುಗ್ಗು ವಾಸನೆ ಬಂದರೆ ಮುಲಾಜಿಲ್ಲದೆ ಎಸೆಯಿರಿ. ಮುಂದಿನ ವರ್ಷ ಈ ಕೆಲಸ ಮೇ ತಿಂಗಳಲ್ಲೇ ಮಾಡಿ.

ಪ್ರಶ್ನೆ: ಸೀಕರಣೆಗೆ ಹಾಲು ಹಾಕಿದ ತಕ್ಷಣ ಒಡೆದು ಹೋಗುತ್ತದೆ. ಅತ್ತೆ ಮಾಡಿದರೆ ಒಡೆಯಲ್ಲ. ಅವರು ಗುಟ್ಟು ಹೇಳಲ್ಲ, ನೀವಾದರೂ ಹೇಳಿ. – ಓದುಗರು, ಮುಳಬಾಗಿಲು

ಗುಟ್ಟೇನೂ ಇಲ್ಲ, ನಿಮ್ಮ ಅತ್ತೆ ಹಣ್ಣನ್ನು ತಿಂದು ನೋಡಿ ಹಾಕುತ್ತಾರೆ ಅನ್ಸುತ್ತೆ. ಹುಳಿ ಇದ್ದರೆ ಹಾಲು ಒಡೆಯುತ್ತದೆ, ಅಷ್ಟೇ. ಚೆನ್ನಾಗಿ ಕಳಿತ ರಸಪುರಿ ತಗೊಳ್ಳಿ. ತೊಟ್ಟಿನ ಕಡೆ ಸ್ವಲ್ಪ ಕತ್ತರಿಸಿ, ಅಲ್ಲಿರುವ ಸೊನೆ ಒರೆಸಿ, ಹಣ್ಣನ್ನು ಕೈಯಲ್ಲೇ ಹಿಸುಕಿ ರಸ ತೆಗೆಯಿರಿ. ಮಿಕ್ಸಿ ಬೇಡ. ಮಿಕ್ಸಿಗೆ ಹಾಕಿದರೆ ಗಾಳಿ ಸೇರಿ ನೊರೆ ನೊರೆಯಾಗುತ್ತದೆ, ಸೀಕರಣೆ ಹೋಗಿ ಜ್ಯೂಸ್ ಆಗುತ್ತದೆ. ಮೊದಲು ಬೆಲ್ಲವನ್ನೋ ಸಕ್ಕರೆಯನ್ನೋ ರಸಕ್ಕೆ ಬೆರೆಸಿ, ಏಲಕ್ಕಿ ಹಾಕಿ. ಕಾಯಿಸಿ ಪೂರ್ತಿ ತಣ್ಣಗಾದ ಹಾಲನ್ನು ಬಡಿಸುವ ಹೊತ್ತಿಗೆ ಸ್ವಲ್ಪ ಸ್ವಲ್ಪವೇ ಹಾಕಿ. ಬಿಸಿ ಹಾಲು ಹಾಕಲೇಬಾರದು. ಹಣ್ಣು ಸ್ವಲ್ಪ ಹುಳಿ ಅನ್ನಿಸಿದರೆ ಹಾಲಿನ ಬದಲು ತೆಂಗಿನಕಾಯಿ ಹಾಲು ಹಾಕಿ, ಅದಕ್ಕೆ ಈ ತೊಂದರೆ ಕಮ್ಮಿ. ಜೊತೆಗೆ ಬೇಳೆ ಹೋಳಿಗೆ ಇದ್ದರೆ ನಮ್ಮನ್ನೂ ಕರೀರಿ.

ಪ್ರಶ್ನೆ: ಪೇಟೆಯಿಂದ ಒಂದು ಬಾಕ್ಸ್ ಬಾದಾಮಿ ತಂದೆವು. ಮೇಲೆಲ್ಲ ಹಳದಿ, ಒಳಗೆ ಬಿಳಿ, ಹುಳಿ. ಇದು ಪುಡಿ ಹಾಕಿ ಮಾಗಿಸಿದ್ದಾ? – ಓದುಗರು, ಮಾಲೂರು

ಹಾಕಿರಬಹುದು. ಬಲಿಯದ ಕಾಯನ್ನು ಕಿತ್ತು ಮಾಗಿಸಿದರೂ ಹೀಗಾಗುತ್ತದೆ. ಮೇಲಿಂದ ನೋಡಿ ಇಂಥದ್ದೇ ಅಂತ ಹೇಳೋಕೆ ಬರಲ್ಲ. ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಹಣ್ಣು ಮಾಗಿಸುವುದನ್ನು ನಮ್ಮ ದೇಶದಲ್ಲಿ ನಿಷೇಧಿಸಿದ್ದಾರೆ. ಎಥಿಲೀನ್ ಅನಿಲದಿಂದ ಮಾಗಿಸುವುದಕ್ಕೆ ಅನುಮತಿ ಇದೆ. ಎಥಿಲೀನ್ ಅಂದರೆ ಭಯ ಬೀಳಬೇಡಿ, ಹಣ್ಣು ಮಾಗುವಾಗ ತಾನಾಗಿಯೇ ಬಿಡುವ ಅನಿಲ ಅದು. ಅದಕ್ಕೇ ಒಂದು ಮಾಗಿದ ಹಣ್ಣು ಉಳಿದವನ್ನೂ ಮಾಗಿಸುತ್ತದೆ.

ಕೋಲಾರ ಜಿಲ್ಲೆಯಲ್ಲಿದ್ದುಕೊಂಡು ನೀವು ಪೇಟೆಯ ಹಣ್ಣು ಯಾಕೆ ತರ್ತೀರಿ? ತೋಟದ ಬಲಿತ ಕಾಯಿ ಕೇಳಿ ತನ್ನಿ. ಬಲಿತ ಕಾಯಿ ಅಂದರೆ ತೊಟ್ಟಿನ ಪಕ್ಕ ಭುಜ ಎದ್ದು ತೊಟ್ಟು ಒಳಗೆ ಕುಳಿತಂತೆ ಕಾಣಬೇಕು. ತೊಳೆಯಬೇಡಿ. ಗೋಣಿಚೀಲದ ಮೇಲೆ ಒಣ ಹುಲ್ಲು ಹಾಸಿ, ತೊಟ್ಟು ಕೆಳಗೆ ಮಾಡಿ ಒಂದೇ ಸಾಲಾಗಿ ಜೋಡಿಸಿ, ಮೇಲೆ ಮತ್ತೆ ಹುಲ್ಲು. ಹುಲ್ಲಿಲ್ಲದಿದ್ದರೆ ಪೇಪರ್. ಬೇಗ ಬೇಕಿದ್ದರೆ ಮಧ್ಯೆ ಒಂದು ಕಳಿತ ಬಾಳೆಹಣ್ಣು ಇಡಿ. ದಿನಾ ಒಮ್ಮೆ ಕೈ ಹಾಕಿ ನೋಡಿ, ಮಾಗಿದ್ದನ್ನು ತೆಗೆಯಿರಿ. ತಿನ್ನುವ ಮುಂಚೆ ಅರ್ಧ ಗಂಟೆ ನೀರಲ್ಲಿ ಹಾಕಿಟ್ಟರೆ ಸಿಪ್ಪೆ ಮೇಲಿನ ಸೊನೆ ಹೋಗುತ್ತದೆ. ಮಕ್ಕಳ ಬಾಯಿ ಸುತ್ತ ಗುಳ್ಳೆ ಏಳುವುದು ಬಹಳ ಸಲ ಆ ಸೊನೆಯಿಂದಲೇ.

ಈಗಾಗಲೇ ತಂದ ಹುಳಿ ಬಾಕ್ಸ್ ಅನ್ನು ಮೇಲಿನ ಗೊಜ್ಜಿಗೆ ಬಳಸಿ ಅಂತ ಹೇಳೋಕೆ ಮನಸ್ಸಿಲ್ಲ. ಕಾರ್ಬೈಡ್ ಅನುಮಾನ ಇದ್ದರೆ ತಿನ್ನಬೇಡಿ, ಅಂಗಡಿಗೇ ವಾಪಸ್ ಕೊಟ್ಟು ಬನ್ನಿ.

ಪ್ರಶ್ನೆ: ಮನೆ ಹಿಂದೆ ಬೆಂಗಳೂರು ಬ್ಲೂ ದ್ರಾಕ್ಷಿ ಬಳ್ಳಿ ಇದೆ. ಮಿಕ್ಸಿಯಲ್ಲಿ ಜ್ಯೂಸ್ ಮಾಡಿದರೆ ಒಗರು ಬರುತ್ತದೆ, ಗಂಟಲು ಕೆರೆಯುತ್ತದೆ. ಜಾಮ್ ಆದರೂ ಮಾಡಬಹುದಾ? – ಓದುಗರು, ಶಿಡ್ಲಘಟ್ಟ

ಒಗರಿಗೆ ಕಾರಣ ಬೀಜ. ಮಿಕ್ಸಿಗೆ ಹಾಕಿದಾಗ ಬೀಜ ಪುಡಿಯಾಗಿ ಅದರ ಒಗರೆಲ್ಲ ರಸಕ್ಕೆ ಬರುತ್ತದೆ. ಈ ದ್ರಾಕ್ಷಿಗೆ ಮಿಕ್ಸಿ ಮುಟ್ಟಿಸಬೇಡಿ. ನಿಮ್ಮ ಕಡೆಯ ಈ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರಿನ ಸುತ್ತ ಬೆಳೆಯುತ್ತಾರೆ. ಸುಮ್ನೆ ತಿನ್ನೋಕೆ ಬೀಜ ಇಲ್ಲದ ಹಸಿರು ದ್ರಾಕ್ಷಿ ಇಷ್ಟಪಡುವವರೇ ಜಾಸ್ತಿ, ಆದರೆ ರಸಕ್ಕೆ, ಜಾಮ್‌ಗೆ ಇದರ ಮುಂದೆ ಅದು ನಿಲ್ಲಲ್ಲ. ಬಣ್ಣ ನೋಡಿದರೆ ಗೊತ್ತಾಗುತ್ತದೆ.

ರಸಕ್ಕೆ ಹೀಗೆ ಮಾಡಿ. ಉಪ್ಪು ನೀರಲ್ಲಿ ಹತ್ತು ನಿಮಿಷ ನೆನೆಸಿ, ಎರಡು ಸಲ ಒಳ್ಳೆ ನೀರಲ್ಲಿ ತೊಳೆದು, ತೊಟ್ಟು ಬಿಡಿಸಿ. ಒಂದು ಕೆಜಿ ಹಣ್ಣಿಗೆ ಅರ್ಧ ಲೋಟ ನೀರು. ಸಣ್ಣ ಉರಿಯಲ್ಲಿ ಇಟ್ಟು ನೋಡ್ತಾ ಇರಿ. ಮೊದಲು ನೀರು ತಿಳಿ ಗುಲಾಬಿ, ಆಮೇಲೆ ಸಿಪ್ಪೆ ಬಿರಿದು ಒಳಗಿನ ಹಸಿರು ತಿರುಳು ಹೊರಗೆ ಜಾರುತ್ತದೆ, ನೋಡ್ತಾ ನೋಡ್ತಾ ಇಡೀ ಪಾತ್ರೆ ಗಾಢ ನೇರಳೆ ಆಗುತ್ತದೆ. ಬಣ್ಣ ಇರೋದು ಸಿಪ್ಪೆಯಲ್ಲಿ, ಅದಕ್ಕೇ ಸ್ವಲ್ಪ ಬೆಂಕಿ ಬೇಕು. ಹತ್ತು ಹನ್ನೆರಡು ನಿಮಿಷ ಸಾಕು, ಕೊತಕೊತ ಕುದಿಸಬೇಡಿ. ಸೌಟಿನ ಹಿಂಬದಿಯಿಂದ ಮೆಲ್ಲಗೆ ಹಿಸುಕಿ, ತೆಳು ಬಟ್ಟೆಯಲ್ಲಿ ಸೋಸಿ. ಬಟ್ಟೆಯನ್ನು ಜೋರಾಗಿ ಹಿಂಡಬೇಡಿ. ಲೀಟರ್ ರಸಕ್ಕೆ 300 ಗ್ರಾಂ ಸಕ್ಕರೆ ಹಾಕಿ ಕರಗಿಸಿ ಫ್ರಿಜ್‌ಗೆ ಇಡಿ. ಬಾಟಲಿ ತಳದಲ್ಲಿ ಮರಳಿನಂಥ ಹರಳು ಕೂತರೆ ಹಣ್ಣು ತೊಳೆದಿಲ್ಲ ಅಂತ ಮನೆಯವರ ಮೇಲೆ ರೇಗಬೇಡಿ. ಅದು ದ್ರಾಕ್ಷಿಯ ಹುಳಿಯೇ ತಣ್ಣಗಾಗಿ ಹರಳುಗಟ್ಟಿದ್ದು. ಮೇಲಿನ ತಿಳಿ ಬಗ್ಗಿಸಿಕೊಂಡರೆ ಆಯ್ತು.

ಜಾಮ್‌ಗೆ ಇನ್ನೊಂದು ದಾರಿ. ಹಣ್ಣನ್ನು ಎರಡು ಬೆರಳ ಮಧ್ಯೆ ಒತ್ತಿದರೆ ತಿರುಳು ಪಚಕ್ಕನೆ ಹೊರಗೆ ಬರುತ್ತದೆ. ಸಿಪ್ಪೆ ಒಂದು ಬಟ್ಟಲಿಗೆ, ತಿರುಳು ಇನ್ನೊಂದಕ್ಕೆ. ಮಕ್ಕಳನ್ನು ಕೂರಿಸಿದರೆ ಖುಷಿಯಿಂದ ಮಾಡ್ತಾರೆ, ಹಳೇ ಬಟ್ಟೆ ಹಾಕಿಸಿ ಅಷ್ಟೇ. ತಿರುಳನ್ನು ಮೆತ್ತಗೆ ಬೇಯಿಸಿ ಜರಡಿಯಲ್ಲಿ ಉಜ್ಜಿ ಬೀಜ ತೆಗೆಯಿರಿ. ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ಅದಕ್ಕೆ ಸೇರಿಸಿ. ತೂಕಕ್ಕೆ ಮುಕ್ಕಾಲು ಪಾಲಿನಿಂದ ಸಮಪಾಲು ಸಕ್ಕರೆ, ಒಂದು ನಿಂಬೆಹಣ್ಣಿನ ರಸ. ಈಗ ಜೋರು ಉರಿ. ತಣ್ಣನೆ ತಟ್ಟೆಗೆ ಒಂದು ಹನಿ ಹಾಕಿ, ನಿಮಿಷ ಬಿಟ್ಟು ಬೆರಳಿಂದ ತಳ್ಳಿ. ಸುಕ್ಕುಗಟ್ಟಿದರೆ ಆಯ್ತು, ಹರಿದರೆ ಇನ್ನೂ ಬೇಕು. ಥರ್ಮಾಮೀಟರ್ ಇರುವವರಿಗೆ 105 ಡಿಗ್ರಿ ಸೆಲ್ಸಿಯಸ್. ಬಿಸಿಯಲ್ಲಿ ಸ್ವಲ್ಪ ತೆಳ್ಳಗಿದ್ದಾಗಲೇ ಇಳಿಸಿ, ಆರಿದ ಮೇಲೆ ಗಟ್ಟಿಯಾಗುತ್ತದೆ.

ಪ್ರಶ್ನೆ: ಜಾಮ್, ಸ್ಕ್ವಾಷ್ ಕೆಡದ ಹಾಗೆ ಕೆಎಂಎಸ್ (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್) ಪುಡಿ ಹಾಕಬಹುದಾ? – ಓದುಗರು, ಬಂಗಾರಪೇಟೆ

ಜಾಮ್‌ಗೆ ಬೇಕಿಲ್ಲ, ಅದರ ಸಕ್ಕರೆಯೇ ಕಾಯುತ್ತದೆ. ಸ್ಕ್ವಾಷ್‌ಗೆ ಹಾಕುವವರಿದ್ದಾರೆ. ಮಾವು, ನಿಂಬೆಗೆ ಕೆಎಂಎಸ್ ಆಗುತ್ತದೆ. ದ್ರಾಕ್ಷಿ, ನೇರಳೆಯಂಥ ಬಣ್ಣದ ಹಣ್ಣಿಗೆ ಅದನ್ನು ಹಾಕಿದರೆ ಬಣ್ಣ ಬಿಳಿಚಿಕೊಳ್ಳುತ್ತದೆ, ಅದಕ್ಕೆ ಸೋಡಿಯಂ ಬೆಂಜೋಯೇಟ್ ಬಳಸುತ್ತಾರೆ. ಎರಡಕ್ಕೂ ಅಳತೆ ಬಹಳ ಮುಖ್ಯ, ಕಣ್ಣಂದಾಜು ನಡೆಯಲ್ಲ. ಅಸ್ತಮಾ ಇರುವವರಿಗೆ ಕೆಎಂಎಸ್ ಆಗಿಬರಲ್ಲ. ಮನೆ ಮಟ್ಟಿಗಾದರೆ ಕಮ್ಮಿ ಮಾಡಿ, ಫ್ರಿಜ್‌ನಲ್ಲಿಡಿ, ಬೇಗ ಮುಗಿಸಿ ಅನ್ನೋದು ನನ್ನ ಅಭಿಪ್ರಾಯ.

ಪ್ರಶ್ನೆ: ಹಲಸಿನ ಹಣ್ಣು ಅಂದ್ರೆ ಬರೀ ತಿನ್ನೋದೇ ಆಗಿದೆ. ಒಂದು ಹಣ್ಣು ಕೊಯ್ದರೆ ಮೂರು ದಿನ ಅದೇ. ಬೇರೆ ಏನು ಮಾಡಬಹುದು? – ಓದುಗರು, ಗುಬ್ಬಿ

ಗುಬ್ಬಿಯವರು ಹಲಸಿನ ಬಗ್ಗೆ ನನ್ನನ್ನು ಕೇಳೋದಾ! ಸಿದ್ದು ಹಲಸು ನಿಮ್ಮ ತಾಲ್ಲೂಕಿನದ್ದೇ ಅಲ್ವಾ. ಚೇಳೂರಿನ ರೈತ ಎಸ್.ಎಸ್. ಪರಮೇಶ ಅವರ ತೋಟದ ಮರ, ತಂದೆ ಸಿದ್ದಪ್ಪನವರ ಹೆಸರು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅದನ್ನು ಗುರುತಿಸಿ, ಕಸಿ ಗಿಡ ಮಾಡಿ ಹಂಚಲು ಜೊತೆಯಾದರು. ತಾಮ್ರದ ಕೆಂಪು ತೊಳೆ. ಹಣ್ಣು ಎರಡೂವರೆ ಕೆಜಿ ಆಸುಪಾಸು, ಅಂದರೆ ಒಂದು ಮನೆಗೆ ಒಂದೇ ದಿನದಲ್ಲಿ ಮುಗಿಯುವಷ್ಟು. ನಿಮ್ಮ ಮೂರು ದಿನದ ಸಮಸ್ಯೆಗೆ ಅದೇ ಒಂದು ಉತ್ತರ.

ಆದರೆ ಹಿತ್ತಿಲಲ್ಲಿ ಇರೋದು ದೊಡ್ಡ ಹಣ್ಣು ಬಿಡುವ ಹಳೇ ಮರ ಅಂದುಕೊಳ್ಳುತ್ತೇನೆ. ಕೈಗೆ, ಚಾಕುವಿಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಕುಯ್ಯಿರಿ. ತೊಳೆ ಗಟ್ಟಿಯಾಗಿದ್ದರೆ ಅದು ಬಕ್ಕೆ, ಹಾಗೇ ತಿನ್ನೋಕೆ ಮತ್ತು ಪಾಯಸಕ್ಕೆ. ಬಾಯಲ್ಲಿ ಜಾರುವಷ್ಟು ಮೆತ್ತಗಿದ್ದರೆ ಕಡುಬಿಗೆ, ದೋಸೆಗೆ.

ಕಡುಬಿಗೆ ಎರಡು ಲೋಟ ತೊಳೆ, ಒಂದು ಲೋಟ ಅಕ್ಕಿ ತರಿ, ಮುಕ್ಕಾಲು ಲೋಟ ಬೆಲ್ಲ, ಅರ್ಧ ಲೋಟ ತೆಂಗಿನ ತುರಿ, ಏಲಕ್ಕಿ, ಚಿಟಿಕೆ ಉಪ್ಪು. ತೊಳೆಯನ್ನು ನೀರು ಹಾಕದೆ ರುಬ್ಬಿ. ಎಲ್ಲ ಕಲಸಿ ಅರ್ಧ ಗಂಟೆ ಬಿಡಿ, ತರಿ ನೆನೆದು ಹಿಟ್ಟು ಗಟ್ಟಿಯಾಗುತ್ತದೆ. ಬಾಳೆ ಎಲೆಯಲ್ಲಿ ಮಡಚಿ ಇಡ್ಲಿ ಪಾತ್ರೆಯಲ್ಲಿ ಇಪ್ಪತ್ತೈದು ನಿಮಿಷ ಬೇಯಿಸಿ. ಎಲೆ ಸಿಗದಿದ್ದರೆ ಇಡ್ಲಿ ತಟ್ಟೆಗೆ ತುಪ್ಪ ಸವರಿ ಹಾಕಿ. ಬಿಸಿ ಇದ್ದಾಗ ಮೇಲೆ ತುಪ್ಪ. ಇದೇ ಹಿಟ್ಟಿನಲ್ಲಿ ಬೆಲ್ಲ ಕಮ್ಮಿ ಮಾಡಿ, ಅಕ್ಕಿ ನೆನೆಸಿ ನುಣ್ಣಗೆ ರುಬ್ಬಿದರೆ ದೋಸೆ. ದೋಸೆಗೆ ಉರಿ ಸಣ್ಣದಿರಲಿ, ಸಿಹಿ ಇರೋದರಿಂದ ಬೇಗ ಸೀದುಹೋಗುತ್ತದೆ.

ಪಾಯಸಕ್ಕೆ ಪಕ್ಕದ ತಿಪಟೂರಿನ ಕಾಯಿ ಇದ್ದೇ ಇದೆ. ಹೆಚ್ಚಿದ ತೊಳೆಯನ್ನು ಎರಡನೇ ಸಲ ಹಿಂಡಿದ ತೆಳು ಕಾಯಿಹಾಲಿನಲ್ಲಿ ಬೇಯಿಸಿ, ಬೆಲ್ಲ ಹಾಕಿ ಕುದಿಸಿ. ಮೊದಲ ಸಲದ ಗಟ್ಟಿ ಹಾಲನ್ನು ಒಲೆ ಆರಿಸಿದ ಮೇಲೆ ಸೇರಿಸಿ. ಕುದಿಸಿದರೆ ಒಡೆಯುತ್ತದೆ.

ಬೀಜ ಎಸೆಯಬೇಡಿ. ಬದನೆಕಾಯಿ ಜೊತೆ ಹುಳಿಗೆ ಹಾಕಿದರೆ ಊಟಕ್ಕೆ ಬೇರೇನೂ ಬೇಡ. ಹಸಿ ಬೀಜ ಬೇಗ ಮೊಳಕೆ ಬರುತ್ತದೆ, ತೊಳೆದು ನೆರಳಲ್ಲಿ ಒಣಗಿಸಿ ಕೆಮ್ಮಣ್ಣು ಬಳಿದಿಟ್ಟರೆ ಮಳೆಗಾಲಕ್ಕೆ ಉಳಿಯುತ್ತದೆ.

ಪ್ರಶ್ನೆ: ಸೀತಾಫಲದ ಪಾಯಸ ಮಾಡಿದೆ. ಕಹಿ. ಹಣ್ಣು ಸಿಹಿಯಾಗೇ ಇತ್ತು. – ಓದುಗರು, ಚಿಂತಾಮಣಿ

ಕುದಿಸಿದಿರಿ, ಅದೇ. ಸೀತಾಫಲದ ತಿರುಳು ಒಲೆ ಮೇಲೆ ಕಹಿಯಾಗುತ್ತದೆ. ಈ ಸಲ ಹಣ್ಣು ಬಂದಾಗ ಹಾಲನ್ನು ಅರ್ಧಕ್ಕೆ ಇಂಗಿಸಿ, ಸಕ್ಕರೆ, ಏಲಕ್ಕಿ ಹಾಕಿ, ಫ್ರಿಜ್‌ನಲ್ಲಿಟ್ಟು ಪೂರ್ತಿ ತಣ್ಣಗೆ ಮಾಡಿ. ಬೀಜ ತೆಗೆದ ತಿರುಳನ್ನು ಬಡಿಸುವ ಮುಂಚೆ ಬೆರೆಸಿ. ಬೀಜ ತೆಗೆಯೋಕೆ ತಿರುಳನ್ನು ದೊಡ್ಡ ಕಣ್ಣಿನ ಜರಡಿ ಮೇಲೆ ಹಾಕಿ ಕೈಯಲ್ಲಿ ಆಡಿಸಿ. ಮಿಕ್ಸಿಗೆ ಬೀಜ ಹೋಗಲೇಬಾರದು, ಅದು ವಿಷ. ಹೇನಿಗೆ ಒಳ್ಳೆಯದು ಅಂತ ಬೀಜದ ಪುಡಿಯನ್ನು ತಲೆಗೆ ಹಚ್ಚುವವರೂ ಇದ್ದಾರೆ, ಕಣ್ಣಿಗೆ ಬಿದ್ದರೆ ಕಣ್ಣೇ ಹಾಳಾಗಬಹುದು. ಬೇಡ.

ಪ್ರಶ್ನೆ: ಪರಂಗಿ ಹಣ್ಣಿನ ಮಿಲ್ಕ್‌ಶೇಕ್ ಬೆಳಗ್ಗೆ ಮಾಡಿಟ್ಟರೆ ಸಂಜೆಗೆ ಕಹಿ. ಮಾವಿಗೆ ಹಾಗಾಗಲ್ಲ. ಯಾಕೆ? – ಓದುಗರು, ಗೌರಿಬಿದನೂರು

ಪರಂಗಿಯಲ್ಲಿ ಪಪೈನ್ ಅನ್ನುವ ಕಿಣ್ವ ಇದೆ. ಹಾಲಿನ ಪ್ರೋಟೀನನ್ನು ಅದು ಮುರಿಯುತ್ತಾ ಹೋಗುತ್ತದೆ, ಕಹಿ ಬರುತ್ತದೆ. ಅನಾನಸ್ಸಿನಲ್ಲೂ ಇದೇ ಥರದ್ದು ಇನ್ನೊಂದಿದೆ. ಮಾಡಿದ ತಕ್ಷಣ ಕುಡಿಯಿರಿ. ಅನಾನಸ್ಸನ್ನಾದರೆ ಸಕ್ಕರೆ ಜೊತೆ ಐದು ನಿಮಿಷ ಬೇಯಿಸಿ ಆರಿಸಿ ಹಾಲಿಗೆ ಹಾಕಬಹುದು, ಬೆಂಕಿ ತಗುಲಿದರೆ ಕಿಣ್ವ ಸಾಯುತ್ತದೆ. ಸೀತಾಫಲಕ್ಕೆ ಬೇಡ ಅಂದ ಬೆಂಕಿ ಇದಕ್ಕೆ ಬೇಕು ನೋಡಿ.

ಪ್ರಶ್ನೆ: ಹಾಸ್ಟೆಲ್‌ನಲ್ಲಿದ್ದೇನೆ. ಒಲೆ ಇಲ್ಲ, ಮಿಕ್ಸಿ ಇಲ್ಲ. ಒಂದು ಚಾಕು, ಒಂದು ಡಬ್ಬಿ. – ವಿದ್ಯಾರ್ಥಿನಿ, ತುಮಕೂರು

ಸಾಕು. ಕರಬೂಜ ತಗೊಳ್ಳಿ. ತೊಟ್ಟಿನ ಕಡೆ ಮೂಸಿದರೆ ಘಮ ಬರಬೇಕು. ಕುಯ್ಯುವ ಮುಂಚೆ ಸಿಪ್ಪೆಯನ್ನು ಚೆನ್ನಾಗಿ ಉಜ್ಜಿ ತೊಳೆಯಿರಿ, ಅದು ಮಣ್ಣಿನ ಮೇಲೆ ಮಲಗಿದ್ದ ಹಣ್ಣು. ಸಣ್ಣಗೆ ಹೆಚ್ಚಿ, ಎರಡು ಚಮಚ ಬೆಲ್ಲದ ಪುಡಿ ಹಾಕಿ ಮುಚ್ಚಿಡಿ. ಹತ್ತು ನಿಮಿಷಕ್ಕೆ ತನ್ನದೇ ರಸ ಬಿಟ್ಟುಕೊಳ್ಳುತ್ತದೆ. ಅದಕ್ಕೆ ಒಂದು ಹಿಡಿ ತೊಳೆದ ತೆಳು ಅವಲಕ್ಕಿ, ಇದ್ದರೆ ತೆಂಗಿನ ತುರಿ, ಚಿಟಿಕೆ ಏಲಕ್ಕಿ. ಬೆಳಗಿನ ತಿಂಡಿ ಆಯ್ತು. ಕರಬೂಜ ಸಿಗದ ಕಾಲದಲ್ಲಿ ಏಲಕ್ಕಿ ಬಾಳೆ. ಖಾರ ಬೇಕು ಅನ್ನಿಸಿದ ದಿನ ದೋರೆ ಸೀಬೆಕಾಯಿಗೆ ಉಪ್ಪು, ಖಾರದ ಪುಡಿ, ನಾಲ್ಕು ಹನಿ ನಿಂಬೆ ಹಾಕಿ ಡಬ್ಬಿ ಮುಚ್ಚಿ ಕುಲುಕಿ. ರೂಮ್‌ಮೇಟ್‌ಗಳು ಬರುವ ಮುಂಚೆ ನಿಮ್ಮ ಪಾಲು ತೆಗೆದಿಟ್ಟುಕೊಳ್ಳಿ.

ಪ್ರಶ್ನೆ: ನೇರಳೆ ಹಣ್ಣು ತಿಂದರೆ ಶುಗರ್ ಹೋಗುತ್ತದಂತೆ. ಯಜಮಾನರು ಮಾತ್ರೆ ಬಿಟ್ಟು ಬೀಜದ ಪುಡಿ ತಗೋತೀನಿ ಅಂತಿದ್ದಾರೆ. – ಓದುಗರು, ಕೋಲಾರ

ಮಾತ್ರೆ ಬಿಡಿಸಬೇಡಿ. ನೇರಳೆ ಒಳ್ಳೆಯ ಹಣ್ಣು, ಒಂದು ಹಿಡಿ ತಿನ್ನಲಿ, ಮಾತ್ರೆಗೆ ಬದಲಿ ಅಲ್ಲ. ಪುಡಿ ತಗೊಳ್ಳಲೇಬೇಕು ಅಂತಿದ್ದರೆ ಡಾಕ್ಟರಿಗೆ ಹೇಳಿ, ಮಾತ್ರೆಯ ಜೊತೆ ಸೇರಿ ಸಕ್ಕರೆ ತೀರಾ ಕೆಳಗೆ ಇಳಿದರೆ ಅದೂ ಕಷ್ಟ. ಹಣ್ಣಿನ ಜ್ಯೂಸ್ ಸಕ್ಕರೆ ಹಾಕದೆ ಮಾಡಿದರೂ ಅವರಿಗೆ ಬೇಡ, ಇಡೀ ಹಣ್ಣೇ ಮೇಲು.

ಮನೆಯ ಉಳಿದವರಿಗೆ ಐಸ್ ಕ್ಯಾಂಡಿ ಮಾಡಿ. ನೇರಳೆಗೆ ಉಪ್ಪು ಹಾಕಿ ಪಾತ್ರೆಯಲ್ಲಿ ಮುಚ್ಚಿ ಜೋರಾಗಿ ಕುಲುಕಿ, ತಿರುಳು ಬೀಜ ಬಿಡುತ್ತದೆ. ಕೈಯಲ್ಲಿ ಹಿಸುಕಿ ಬೀಜ ತೆಗೆದು, ಸಕ್ಕರೆ, ನಿಂಬೆರಸ, ಸ್ವಲ್ಪ ನೀರು ಬೆರೆಸಿ ಚಿಕ್ಕ ಲೋಟಗಳಲ್ಲಿ ಫ್ರೀಜರ್‌ಗೆ. ಅರ್ಧ ಗಟ್ಟಿಯಾದಾಗ ಕಡ್ಡಿ ಚುಚ್ಚಿ. ಮೊದಲೇ ಚುಚ್ಚಿದರೆ ಓರೆಯಾಗಿ ಬೀಳುತ್ತದೆ.

ಪ್ರಶ್ನೆ: ದಾಳಿಂಬೆ ಬಿಡಿಸೋಕೆ ಬೇಸರ. ಮನೆ ತುಂಬಾ ಕಲೆ. – ಓದುಗರು, ಪಾವಗಡ

ನೀರಲ್ಲಿ ಬಿಡಿಸಿ. ದೊಡ್ಡ ಪಾತ್ರೆಯಲ್ಲಿ ನೀರು ತುಂಬಿ, ನಾಲ್ಕು ಭಾಗ ಮಾಡಿದ ಹಣ್ಣನ್ನು ನೀರೊಳಗೇ ಇಟ್ಟು ಬೆರಳಿಂದ ಬಿಡಿಸಿದರೆ ಕಾಳು ತಳಕ್ಕೆ ಹೋಗುತ್ತದೆ, ಬಿಳಿ ಪೊರೆ ತೇಲುತ್ತದೆ. ನೆನೆಸಿದ ಹೆಸರುಬೇಳೆ, ಸೌತೆಕಾಯಿ, ಕಾಯಿತುರಿ ಜೊತೆ ಕೋಸಂಬರಿ ಮಾಡಿ. ಉಪ್ಪು ಮಾತ್ರ ಬಡಿಸುವಾಗಲೇ ಹಾಕಿ, ಇಲ್ಲದಿದ್ದರೆ ನೀರು ಬಿಟ್ಟುಕೊಂಡು ಎಲೆ ತುಂಬಾ ಹರಿಯುತ್ತದೆ.

ಪ್ರಶ್ನೆ: ಬೇಲದ ಹಣ್ಣು ಒಳಗೆ ಕಳಿತಿದೆಯೋ ಇಲ್ಲವೋ ಒಡೆಯದೆ ಹೇಗೆ ತಿಳಿಯೋದು? – ಓದುಗರು, ಬಾಗೇಪಲ್ಲಿ

ಒಂದು ಅಡಿ ಎತ್ತರದಿಂದ ನೆಲಕ್ಕೆ ಬಿಡಿ. ಪುಟಿದರೆ ಕಾಯಿ, ಧೊಪ್ಪನೆ ಕೂತರೆ ಹಣ್ಣು. ಒಡೆದು, ತಿರುಳನ್ನು ನೀರಲ್ಲಿ ಕಿವುಚಿ, ಸೋಸಿ, ಬೆಲ್ಲ, ಏಲಕ್ಕಿ, ಕಾಳುಮೆಣಸು ಹಾಕಿದರೆ ಪಾನಕ. ಇದಕ್ಕೂ ಒಲೆ ಬೇಡ.